ಮೆಚ್ಚಿನ ಪಾತ್ರ ಹೊರಟುಹೋದ ಸಂಚಿಕೆ ಯಾಕೆ ಸಪ್ಪೆಯಾಯಿತು?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಮನೆಯಲ್ಲಿ ಎಲ್ಲರೂ ಕೂತು ನೋಡುತ್ತಿದ್ದ ಕನ್ನಡ ಧಾರಾವಾಹಿಯೊಂದರಲ್ಲಿ ದೊಡ್ಡತ್ತಿಗೆಯ ಪಾತ್ರ ಕಳೆದ ತಿಂಗಳು ಮುಗಿಯಿತು. ವಾರವಿಡೀ ಪ್ರೋಮೋ ಹಾಕಿ, ಒಂದು ಗಂಟೆಯ ಮಹಾಸಂಚಿಕೆ ಎಂದು ಹೇಳಿ, ಕಡೆಗೆ ಆಕೆಗೆ ದುಬೈಯಲ್ಲಿ ಕೆಲಸ ಸಿಕ್ಕಿತೆಂದು ಒಂದು ಫೋನ್ ಕರೆಯಲ್ಲಿ ಮುಗಿಸಿಬಿಟ್ಟರು. ಅರ್ಧಕ್ಕರ್ಧ ಹಳೆಯ ದೃಶ್ಯಗಳೇ. ಮರುದಿನದಿಂದ ಅಮ್ಮ ಆ ಹೊತ್ತಿಗೆ ಟಿವಿ ಹಾಕುತ್ತಿಲ್ಲ. ಹೀಗೇಕೆ ಮಾಡುತ್ತಾರೆ? ಇನ್ನೊಂದು ವಿಷಯ: ನಾವು ಐದಾರು ಜನ ಸೇರಿ ಹವ್ಯಕ ಭಾಷೆಯಲ್ಲಿ ಸಣ್ಣ ಸಂಚಿಕೆಗಳನ್ನು ಮಾಡಿ ಯೂಟ್ಯೂಬಿಗೆ ಹಾಕುತ್ತೇವೆ. ಅದರಲ್ಲಿ ಎಲ್ಲರಿಗೂ ಇಷ್ಟವಾದದ್ದು ‘ಅಪ್ಪಚ್ಚಿ’, ಅಂದರೆ ಚಿಕ್ಕಪ್ಪ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಿಂದ ಹಿಡಿದು ಮನೆಯ ಜಗಳದವರೆಗೆ ಎಲ್ಲವನ್ನೂ ನೋಡಿಕೊಳ್ಳುವ, ಯಾರು ಏನು ಕೇಳಿದರೂ ಇಲ್ಲ ಎನ್ನದ ಮನುಷ್ಯ. ಆ ಪಾತ್ರ ಮಾಡುವವರು ಕೆಲಸಕ್ಕೆಂದು ಗಲ್ಫಿಗೆ ಹೊರಟಿದ್ದಾರೆ. ಎರಡು ಭಾನುವಾರ ಮಾತ್ರ ಸಿಗುತ್ತಾರೆ. ನಮ್ಮದೂ ಹಾಗೆಯೇ ಆಗದಿರಲು ಏನು ಮಾಡಬೇಕು?

ಉತ್ತರ: ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಪಾತ್ರ ಹೊರಡುವ ಕಾರಣ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು. ಯಾವ ಗುಣಕ್ಕಾಗಿ ನಾವು ಒಂದು ಪಾತ್ರವನ್ನು ಹಚ್ಚಿಕೊಂಡಿರುತ್ತೇವೋ ಅದೇ ಗುಣ ಆ ಪಾತ್ರವನ್ನು ಮನೆಯಿಂದ ಹೊರಡಿಸಿದರೆ, ಅಳುತ್ತಲೇ ಒಪ್ಪಿಕೊಳ್ಳುತ್ತೇವೆ. ಕಾರಣ ಎಲ್ಲಿಂದಲೋ ಬಂದು ಬಿದ್ದರೆ ಹೊರಟವರು ಅತ್ತಿಗೆಯಲ್ಲ, ನಟಿ ಎಂದು ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ. ಮನೆಯ ಸಾಲ, ಮೈದುನನ ಓದು, ಅತ್ತೆಯ ಕಾಯಿಲೆ ಎಲ್ಲವನ್ನೂ ಹೊತ್ತವಳು ಒಂದು ಕರೆ ಬಂತೆಂದು ಸೂಟ್‌ಕೇಸ್ ಹಿಡಿದರೆ, ಅಷ್ಟು ದಿನ ನೋಡಿದ್ದೆಲ್ಲ ಸುಳ್ಳಾಗುತ್ತದೆ. ನಿಮ್ಮ ತಾಯಿಯವರಿಗೆ ನೋವಾದದ್ದು ಅಲ್ಲಿ.

ಕಾಸರಗೋಡಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ‘ಶ್ರೀರಾಮ ನಿರ್ಯಾಣ’ದ ಯಕ್ಷಗಾನ ತಾಳಮದ್ದಳೆಯನ್ನು ನೆನಪು ಮಾಡಿಕೊಳ್ಳಿ. ಕಾಲಪುರುಷ ಮುನಿಯ ರೂಪದಲ್ಲಿ ಬಂದು ರಾಮನೊಡನೆ ಏಕಾಂತ ಕೇಳುತ್ತಾನೆ. ನಡುವೆ ಬಂದವನಿಗೆ ಮರಣದಂಡನೆ ಎಂದು ಷರತ್ತು. ಬಾಗಿಲು ಕಾಯುವವನು ಲಕ್ಷ್ಮಣ. ಅಷ್ಟರಲ್ಲಿ ದೂರ್ವಾಸರು ಬಂದು, ಈ ಕ್ಷಣ ರಾಮನನ್ನು ಕಾಣಿಸದಿದ್ದರೆ ವಂಶಕ್ಕೂ ರಾಜ್ಯಕ್ಕೂ ಶಾಪ ಕೊಡುತ್ತೇನೆ ಎನ್ನುತ್ತಾರೆ. ಎಲ್ಲರೂ ಅಳಿಯುವುದಕ್ಕಿಂತ ತಾನೊಬ್ಬ ಅಳಿಯುವುದು ಲೇಸೆಂದು ಲಕ್ಷ್ಮಣ ಒಳಗೆ ಕಾಲಿಡುತ್ತಾನೆ. ಆಮೇಲೆ ರಾಮ ಆಡಿದ ಮಾತಿಗೆ ಕಟ್ಟುಬಿದ್ದು ತಮ್ಮನನ್ನು ತ್ಯಜಿಸುತ್ತಾನೆ, ಲಕ್ಷ್ಮಣ ಸರಯೂ ತೀರಕ್ಕೆ ನಡೆಯುತ್ತಾನೆ. ಇನ್ನೊಬ್ಬರಿಗಾಗಿ ತನ್ನನ್ನು ಬಿಟ್ಟುಕೊಡುವುದು ಲಕ್ಷ್ಮಣನ ಗುಣ, ಅವನು ಹೋದದ್ದು ಅದರಿಂದಲೇ. ಮಾತಿಗೆ ತಪ್ಪದಿರುವುದು ರಾಮನ ಗುಣ, ಅವನು ತಮ್ಮನನ್ನು ಕಳೆದುಕೊಂಡದ್ದೂ ಅದರಿಂದಲೇ. ಷರತ್ತು ಮೊದಲೇ ಬಿದ್ದಿರುತ್ತದೆ, ಆಯ್ಕೆ ಹೊರಡುವವನ ಕೈಯಲ್ಲಿರುತ್ತದೆ, ಉಳಿದವನ ತಲೆಯ ಮೇಲೆ ಅದರ ಭಾರ ಬೀಳುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ, ಕೇಳುವವರ ಗಂಟಲು ಕಟ್ಟುತ್ತದೆ. ಹಾಗಾಗಿ ಬಜೆಟ್ ಇಲ್ಲ ಎನ್ನುವ ಚಿಂತೆಯನ್ನು ನೀವು ಮೊದಲು ಬಿಡಿ.

ದುಬೈ ಎಂಬ ಕಾರಣ ಅದಾಗಿಯೇ ಕೆಟ್ಟದ್ದಲ್ಲ. ನಮ್ಮ ಕಡೆ ಗಲ್ಫಿಗೆ ಹೋಗುವುದೆಂದರೆ ಏನೆಂದು ಮನೆಮನೆಗೂ ಗೊತ್ತು. ಪಾಸ್‌ಪೋರ್ಟ್ ಆಗಬೇಕು, ಮೆಡಿಕಲ್ ಆಗಬೇಕು, ವೀಸಾಕ್ಕೆ ಕಾಯಬೇಕು, ಮಂಗಳೂರೋ ಕಣ್ಣೂರೋ ಎಂದು ಟಿಕೆಟ್ ನೋಡಬೇಕು, ಉಪ್ಪಿನಕಾಯಿ ಹಪ್ಪಳ ಕಟ್ಟಿ ತೂಕ ನೋಡಬೇಕು. ಒಂದು ಮನೆ ಇದನ್ನೆಲ್ಲ ಸಹಿಸಿಕೊಂಡು ಒಬ್ಬರನ್ನು ಕಳಿಸುತ್ತದೆ. ಆ ಧಾರಾವಾಹಿಯವರು ಇದನ್ನೇ ಕಟ್ಟಬಹುದಿತ್ತು. ಸಾಲ ತೀರಿಸುವ ಹೊಣೆ ತನ್ನದೆಂದು ನಂಬಿದ ಅತ್ತಿಗೆ ಯಾರಿಗೂ ಹೇಳದೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾಳೆ. ಮೂರು ವಾರ ಮೊದಲು ಒಂದು ದೃಶ್ಯದಲ್ಲಿ ಬಟ್ಟೆಯ ಕಪಾಟಿನಲ್ಲಿ ಅದು ಮೈದುನನ ಕೈಗೆ ಸಿಗುತ್ತದೆ. ಮನೆ ಉಳಿಸಲು ಮನೆ ಬಿಡುತ್ತಿದ್ದಾಳೆಂದು ಅವನಿಗೆ ಮಾತ್ರ ಗೊತ್ತು, ಅವನು ಬಾಯಿಬಿಡುವಂತಿಲ್ಲ. ಆಗ ದುಬೈ ಆಕೆಯ ಸ್ವಭಾವದಿಂದಲೇ ಹುಟ್ಟಿದ ಕಾರಣವಾಗುತ್ತಿತ್ತು. ಇದಕ್ಕೆ ಬೇಕಾದದ್ದು ಮೊದಲೇ ಹಾಕಿದ ಎರಡು ನಿಮಿಷದ ಎರಡು ದೃಶ್ಯ, ಅಷ್ಟೇ.

ಬರೆಯುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರ ಕೈ ಕಟ್ಟುವ ಸಂಗತಿಗಳು ಬೇರೆ. ದಿನದ ಧಾರಾವಾಹಿಯಲ್ಲಿ ಪ್ರಸಾರಕ್ಕಿಂತ ಒಂದಷ್ಟು ಸಂಚಿಕೆ ಮುಂದೆ ಚಿತ್ರೀಕರಣ ಮುಗಿದಿರುತ್ತದೆ. ನಟಿ ಹೊರಡುವ ಸುದ್ದಿ ಬಂದಾಗ ಆ ಸಂಚಿಕೆಗಳಲ್ಲಿ ಬೀಜ ಬಿತ್ತಲು ಜಾಗವೇ ಇರುವುದಿಲ್ಲ. ಆಕೆಯ ಡೇಟ್, ಅಂದರೆ ಚಿತ್ರೀಕರಣಕ್ಕೆ ಕೊಟ್ಟ ದಿನ, ಎರಡು ಮೂರು ಮಾತ್ರ ಉಳಿದಿರುತ್ತದೆ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಸೆಟ್ಟಿನ ಕ್ರಮದಲ್ಲಿ ನಡೆಯುತ್ತದೆ: ನಡುಮನೆಯ ದೃಶ್ಯಗಳೆಲ್ಲ ಒಟ್ಟಿಗೆ, ಅಡುಗೆಮನೆಯವು ಒಟ್ಟಿಗೆ. ವಿದಾಯದ ದೃಶ್ಯದ ಸರದಿ ಕೊನೆಯ ದಿನ ರಾತ್ರಿ ಬಂದರೆ, ದಣಿದ ಮುಖದಲ್ಲಿ ಒಂದೇ ಟೇಕಿನಲ್ಲಿ ಮುಗಿಯುತ್ತದೆ.

ಎರಡನೆಯದು, ವಾಹಿನಿಯವರು ಬಾಗಿಲನ್ನು ಪೂರ್ತಿ ಮುಚ್ಚಲು ಒಪ್ಪುವುದಿಲ್ಲ. ನಟಿ ಮರಳಿ ಬರಬಹುದು, ಆ ಜಾಗಕ್ಕೆ ಬೇರೆಯವರು ಬರಬಹುದು. 2000ರಲ್ಲಿ ಶುರುವಾದ ಹಿಂದಿಯ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಧಾರಾವಾಹಿಯಲ್ಲಿ ನಾಯಕ ಮಿಹಿರ್ ಸತ್ತಾಗ ಪ್ರೇಕ್ಷಕರು ಎಷ್ಟು ಗಲಾಟೆ ಮಾಡಿದರೆಂದರೆ, ಅವನನ್ನು ಬದುಕಿಸಿ ತರಬೇಕಾಯಿತು, ಮುಂದೆ ಆ ಪಾತ್ರಕ್ಕೆ ನಟರೂ ಬದಲಾದರು. ಅದನ್ನು ಕಂಡ ಉದ್ಯಮಕ್ಕೆ ‘ವಿದೇಶಕ್ಕೆ ಹೋದರು’ ಎನ್ನುವುದು ಎಲ್ಲಕ್ಕಿಂತ ಸುರಕ್ಷಿತ ಉಪಾಯ. ಯಾವಾಗ ಬೇಕಾದರೂ ವಾಪಸು ಕರೆಯಬಹುದಾದ ಹೊರಡುವಿಕೆಗೆ ಗಟ್ಟಿ ಕಾರಣ ಕೊಡಲು ಆಗುವುದಿಲ್ಲ, ಕೊಟ್ಟರೆ ಮರಳುವಿಕೆಗೆ ಅದೇ ಅಡ್ಡ.

ಮೂರನೆಯದು ಲೆಕ್ಕ. ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಮತ್ತು ಸ್ವಂತ ಪ್ರೋಮೋ ಇರಕೂಡದೆಂಬುದು ನಿಯಮ. ಅಷ್ಟನ್ನು ತೆಗೆದು, ಹಿಂದಿನ ಸಂಚಿಕೆಯ ತುಣುಕು, ಶೀರ್ಷಿಕೆ ಗೀತೆ, ನಾಳೆಯ ಝಲಕ್ ಕಳೆದರೆ ಮಹಾಸಂಚಿಕೆಯಲ್ಲಿ ಉಳಿಯುವುದು 44-45 ನಿಮಿಷ. ಎರಡು ದಿನದ ಡೇಟಿನಲ್ಲಿ ಅಷ್ಟು ಹೊಸ ದೃಶ್ಯ ಹುಟ್ಟುವುದಿಲ್ಲ. ಅದಕ್ಕೇ ಹಳೆಯ ದೃಶ್ಯಗಳು, ಅದಕ್ಕೇ ಒಂದೇ ಮಾತಿಗೆ ಆರು ಮುಖಗಳ ಮೇಲೆ ಮೂರು ಮೂರು ಸಲ ಝೂಮ್. ಪ್ರೋಮೋದಲ್ಲಿ ಮಾರಿದ್ದು ಹೊರಡುವ ಕ್ಷಣವನ್ನು, ಆದ್ದರಿಂದ ಅದನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಿ, ಅಲ್ಲಿಯತನಕ ಜನರನ್ನು ಹಿಡಿದಿಡುತ್ತಾರೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್ ಸಂಸ್ಥೆಯ ವಾರ ಶನಿವಾರದಿಂದ ಶುಕ್ರವಾರಕ್ಕೆ, ಅಂಕಿ ಹೊರಬೀಳುವುದು ಗುರುವಾರ. ಮಹಾಸಂಚಿಕೆ ಯಾವ ದಿನ ಎನ್ನುವುದನ್ನು ಕಥೆಗಿಂತ ಹೆಚ್ಚು ಈ ಕ್ಯಾಲೆಂಡರ್ ತೀರ್ಮಾನಿಸುತ್ತದೆ. ಕನ್ನಡ ವಾಹಿನಿಗಳ ಪಟ್ಟಿಗೆ ಎಣಿಸುವುದು ಕರ್ನಾಟಕದ ಮಾರುಕಟ್ಟೆಯನ್ನು. ಪೆರ್ಲದಲ್ಲಿ ನೀವು ಟಿವಿ ಆರಿಸಿದ್ದು ಆ ಪಟ್ಟಿಯಲ್ಲಿ ಕಾಣುವುದಿಲ್ಲ, ಇದು ನಮ್ಮ ಗಡಿನಾಡಿನವರ ಹಳೆಯ ನೋವು. ಹೇಳಬೇಕೆಂದಿದ್ದರೆ ವಾಹಿನಿಗೆ ಬರೆದೇ ಹೇಳಬೇಕು, ಅದೂ ‘ಚೆನ್ನಾಗಿರಲಿಲ್ಲ’ ಎಂದಲ್ಲ, ಯಾವ ನಿಮಿಷದಲ್ಲಿ ಏನು ತಪ್ಪಿತೆಂದು.

ಅದನ್ನು ಕಂಡುಹಿಡಿಯಲು ವಾಹಿನಿಯ ಆ್ಯಪ್‌ನಲ್ಲಿ ಆ ಸಂಚಿಕೆಯನ್ನು ಇನ್ನೊಮ್ಮೆ ಹಾಕಿ, ಕಾಗದ ಹಿಡಿದು ಕೂತುಕೊಳ್ಳಿ. ಹೊಸ ದೃಶ್ಯದಲ್ಲಿ ಅತ್ತಿಗೆಯ ಮುಖ ಕಾಣುವ ನಿಮಿಷಗಳನ್ನು ಮಾತ್ರ ಕೂಡಿಸಿ. ಆಕೆಯ ಮಾತು ಕೇಳುವಾಗ ತೆರೆಯ ಮೇಲೆ ಬೇರೆಯವರ ಮುಖವಿದೆಯೇ, ಆಕೆಯ ಬೆನ್ನು ಮಾತ್ರ ಕಾಣುತ್ತದೆಯೇ, ಪತ್ರವೊಂದನ್ನು ಧ್ವನಿಯಲ್ಲಿ ಓದಿಸಿದ್ದಾರೆಯೇ ನೋಡಿ. ಇವೆಲ್ಲ ನಟಿ ಇಲ್ಲದಾಗ ಮಾಡುವ ಹೊಂದಾಣಿಕೆಗಳು. ಕೊನೆಗೆ, ‘ನಾನು ಹೋಗುತ್ತೇನೆ’ ಎಂಬ ತೀರ್ಮಾನವನ್ನು ಆಕೆ ತೆಗೆದುಕೊಳ್ಳುವ ಕ್ಷಣ ತೆರೆಯ ಮೇಲಿದೆಯೇ, ಅಥವಾ ಅದು ಎರಡು ದೃಶ್ಯಗಳ ನಡುವೆ ನಮಗೆ ಕಾಣದಂತೆ ಆಗಿಹೋಗಿದೆಯೇ? ನೀವು ಬರೆದದ್ದನ್ನು ನೋಡಿದರೆ ಇಲ್ಲಿ ಆದದ್ದು ಎರಡನೆಯದೇ. ಅದೊಂದು ಇದ್ದಿದ್ದರೆ ಹಳೆಯ ದೃಶ್ಯಗಳನ್ನೂ ಜನ ಸಹಿಸಿಕೊಳ್ಳುತ್ತಿದ್ದರು.

ನಟರು ಕೈಕೊಟ್ಟಾಗಲೂ ದಾರಿಯಿದೆ ಎನ್ನುವುದಕ್ಕೆ ಅಮೆರಿಕದ ‘ಮ್ಯಾಶ್’ ಒಳ್ಳೆಯ ಪಾಠ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ ಅದು. ಮೂರನೆಯ ಸೀಸನ್ನಿನ ನಂತರ ಇಬ್ಬರು ಮುಖ್ಯ ನಟರು ಹೊರಟರು. ಒಬ್ಬರದು ಹೆನ್ರಿ ಬ್ಲೇಕ್ ಎಂಬ ಅಧಿಕಾರಿಯ ಪಾತ್ರ. 1975ರ ಮಾರ್ಚ್ 18ರ ಸಂಚಿಕೆಯಲ್ಲಿ ಎಲ್ಲರೂ ನಗುತ್ತ ಅವನನ್ನು ಊರಿಗೆ ಕಳಿಸಿಕೊಡುತ್ತಾರೆ. ಕೊನೆಯ ದೃಶ್ಯದಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಸುದ್ದಿ ಬರುತ್ತದೆ, ಅವನಿದ್ದ ವಿಮಾನವನ್ನು ಹೊಡೆದುರುಳಿಸಿದ್ದಾರೆ. ವೈದ್ಯರು ಅಳುತ್ತಲೇ ಕೆಲಸ ಮುಂದುವರಿಸುತ್ತಾರೆ. ಆ ಕೊನೆಯ ಪುಟವನ್ನು ಬಹುಪಾಲು ನಟರಿಗೆ ಚಿತ್ರೀಕರಣದ ಹೊತ್ತಿನತನಕ ತೋರಿಸಿಯೇ ಇರಲಿಲ್ಲ. ಇನ್ನೊಬ್ಬರು ಟ್ರ್ಯಾಪರ್ ಜಾನ್ ಪಾತ್ರದವರು. ಅವರು ಎರಡು ಸೀಸನ್ನುಗಳ ನಡುವೆ ಹೊರಟುಹೋದ್ದರಿಂದ ವಿದಾಯದ ದೃಶ್ಯಕ್ಕೆ ಸಿಗಲೇ ಇಲ್ಲ. ಬರೆಯುವವರು ಆ ಕೊರತೆಯನ್ನೇ ಕಥೆ ಮಾಡಿದರು. ರಜೆಯಿಂದ ಬಂದ ಗೆಳೆಯನಿಗೆ ಟ್ರ್ಯಾಪರ್ ಹೊರಟ ವಿಷಯ ತಿಳಿಯುತ್ತದೆ, ವಿಮಾನ ನಿಲ್ದಾಣಕ್ಕೆ ಓಡುತ್ತಾನೆ, ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. ಹೇಳಿ ಹೋಗಲಿಲ್ಲವೆಂಬ ಸಂಕಟ ಪ್ರೇಕ್ಷಕರದೂ ಆದ್ದರಿಂದ ಅದು ನಿಜವೆನಿಸುತ್ತದೆ. ನಿಮ್ಮ ಎರಡನೆಯ ಭಾನುವಾರ ಮಳೆಗೆ ಹೋಯಿತೆಂದುಕೊಳ್ಳಿ, ಈ ದಾರಿ ನಿಮಗೆ ತೆರೆದಿದೆ.

ಈಗ ನಿಮ್ಮ ಅಪ್ಪಚ್ಚಿ. ನಟರು ಗಲ್ಫಿಗೆ ಹೋಗುತ್ತಾರೆಂದು ಪಾತ್ರವೂ ಗಲ್ಫಿಗೆ ಹೋಗಬೇಕೆಂದಿಲ್ಲ. ಅವನನ್ನು ಸಾಯಿಸುವುದಂತೂ ಬೇಡ. ಸಾವೆಂದರೆ ಸೂತಕ, ಬೊಜ್ಜ (ಉತ್ತರಕ್ರಿಯೆ), ಮನೆಮಂದಿಯ ದುಃಖ, ಇದನ್ನೆಲ್ಲ ತೋರಿಸಬೇಕಾಗುತ್ತದೆ, ತೋರಿಸದಿದ್ದರೆ ನಮ್ಮವರು ಕ್ಷಮಿಸುವುದಿಲ್ಲ. ನಿಮ್ಮ ಸಣ್ಣ ಸಂಚಿಕೆಗಳಿಗೆ ಆ ಭಾರ ಹೊರಲು ಆಗದು. ಯಾರಿಗೂ ಇಲ್ಲ ಎನ್ನದವನು ಎಂದು ನೀವೇ ಬರೆದಿದ್ದೀರಿ. ಕಾರಣ ಅಲ್ಲೇ ಇದೆ. ಸುಳ್ಯದ ಕಡೆ ಕೊಟ್ಟ ತಂಗಿಯ ಮನೆಯಲ್ಲಿ ತೋಟ ನೋಡುವವರಿಲ್ಲ, ಮಕ್ಕಳು ಸಣ್ಣವರು. ಅವಳು ಒಮ್ಮೆ ಕೇಳುತ್ತಾಳೆ, ಅವನಿಂದ ಇಲ್ಲ ಎನ್ನಲಾಗುವುದಿಲ್ಲ. ಇಷ್ಟು ದಿನ ಮನೆಯವರ ಕೆಲಸವನ್ನೆಲ್ಲ ಸಲೀಸು ಮಾಡಿದ ಗುಣವೇ ಈಗ ಅವನನ್ನು ಅವರಿಂದ ಕರೆದೊಯ್ಯುತ್ತದೆ. ತಡೆಯಲು ಯಾರಿಗೂ ಬಾಯಿಲ್ಲ, ಏಕೆಂದರೆ ಎಲ್ಲರೂ ಅದೇ ಗುಣದ ಉಪಕಾರ ಉಂಡವರು.

ಇದನ್ನು ಒಂದೇ ಸಂಚಿಕೆಗೆ ತುಂಬಬೇಡಿ. ಹತ್ತು ಹನ್ನೆರಡು ನಿಮಿಷದ ಮೂರು ಸಂಚಿಕೆ ಮಾಡಿ. ಮೊದಲನೆಯದರಲ್ಲಿ ತಂಗಿಯ ಮನೆಯ ಕಷ್ಟ ಮಾತಿನ ನಡುವೆ ಬಂದುಹೋಗಲಿ, ಎರಡನೆಯದರಲ್ಲಿ ಅವನು ಒಪ್ಪಿಕೊಂಡದ್ದು ಒಬ್ಬರಿಗೆ ಮಾತ್ರ ಗೊತ್ತಾಗಲಿ, ಮೂರನೆಯದರಲ್ಲಿ ಹೊರಡಲಿ. ಅಳೆಯುವ ಲೆಕ್ಕ ಹೀಗೆ: ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ. ಮೊಬೈಲ್ ಕ್ಯಾಮೆರಾ, ಐದಾರು ಜನರ ತಂಡ ಎಂದರೆ ದಿನಕ್ಕೆ ಐದು ಪುಟ ಚೆನ್ನಾಗಿ ಆಗುತ್ತದೆ, ಏಳೆಂಟಕ್ಕೆ ಕೈ ಹಾಕಿದರೆ ಸಂಜೆಯವು ಹಾಳಾಗುತ್ತವೆ. ಎರಡು ಭಾನುವಾರಕ್ಕೆ ಅಪ್ಪಚ್ಚಿಯ ಹತ್ತು ನಿಮಿಷ ನಿಮ್ಮ ಕೈಯಲ್ಲಿದೆ: ಮೊದಲ ಸಂಚಿಕೆಗೆ ಎರಡು, ಎರಡನೆಯದಕ್ಕೆ ಮೂರು, ಕೊನೆಯದಕ್ಕೆ ಐದು. ಅವನಿಲ್ಲದ ದೃಶ್ಯಗಳನ್ನು ಅವರು ಹೋದ ಮೇಲೆ ತೆಗೆಯಿರಿ.

ಹೊರಡುವ ದೃಶ್ಯಗಳನ್ನು ಮೊದಲ ಭಾನುವಾರವೇ, ಬೆಳಿಗ್ಗೆಯೇ ತೆಗೆಯಿರಿ. ಕೊನೆಗಿಟ್ಟರೆ ಮಳೆ, ಕರೆಂಟು, ಗಂಟಲು ಕಟ್ಟುವುದು ಯಾವುದಾದರೊಂದು ಕೈಕೊಡುತ್ತದೆ. ಮೊದಲೇ ತೆಗೆದರೆ ಸರಿಬಾರದ್ದನ್ನು ಮುಂದಿನ ಭಾನುವಾರ ತಿದ್ದಬಹುದು. ಕ್ರಮ ಉಲ್ಟಾ ಆಗುವುದರಿಂದ ಅಂಗಿ, ಮುಂಡು, ಕೊಡೆ, ಚೀಲ, ಗಡ್ಡದ ಬೆಳವಣಿಗೆ ಇವನ್ನು ಪ್ರತಿ ದೃಶ್ಯ ಮುಗಿದಾಗ ಫೋಟೊ ತೆಗೆದಿಡಿ. ಇಂಥದ್ದರಲ್ಲಿ ಎಡವುವುದು ಗಡ್ಡದಲ್ಲಿ: ಒಂದು ವಾರದ ಅಂತರದಲ್ಲಿ ಅದು ಬದಲಾಗಿರುತ್ತದೆ, ಎರಡೂ ದಿನ ಹಿಂದಿನ ಸಂಜೆಯೇ ಕ್ಷೌರ ಮಾಡಿಸಿ.

ಮುಖ್ಯ ದೃಶ್ಯ ಸುರಂಗದ ಬಾಯಿಯಲ್ಲಿರಲಿ. ಅಪ್ಪಚ್ಚಿ ಅಣ್ಣನ ಮಗನನ್ನು ಕರೆದುಕೊಂಡು ಹೋಗಿ, ಪೈಪಿನ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಕೆಸರು ತೊಳೆದು, ಮತ್ತೆ ಹೇಗೆ ಕಟ್ಟುವುದೆಂದು ತೋರಿಸುತ್ತಾನೆ. ಹೊರಡುವ ಮಾತಿಲ್ಲ. ‘ಆಟಿ ತಿಂಗಳಿಲಿ ಒಂದರಿ ಬಂದು ನೋಡೆಕ್ಕು, ಎಲೆ ಸಿಕ್ಕುತ್ತು’ (ಆಟಿಯ ಮಳೆಯಲ್ಲಿ ಒಮ್ಮೆ ಬಂದು ನೋಡಬೇಕು, ಎಲೆ ಸಿಕ್ಕಿಕೊಳ್ಳುತ್ತದೆ) ಎಂದಷ್ಟೇ. ಹುಡುಗ ಯಾಕೆಂದು ಕೇಳುವುದಿಲ್ಲ, ಗಂಟನ್ನು ತಾನೊಮ್ಮೆ ಕಟ್ಟಿ ನೋಡುತ್ತಾನೆ, ಸಡಿಲವಾಗುತ್ತದೆ, ಅಪ್ಪಚ್ಚಿ ಬಿಚ್ಚಿಸಿ ಇನ್ನೊಮ್ಮೆ ಕಟ್ಟಿಸುತ್ತಾನೆ. ಕೈಗಳನ್ನು ಹತ್ತಿರದಿಂದ ತೆಗೆಯಿರಿ, ಮುಖಕ್ಕೆ ಆಮೇಲೆ ಹೋಗಿ. ಬೆಳಕನ್ನು ಹೊರಗಿನ ಮುಖಕ್ಕೆ ಹೊಂದಿಸಿ ಲಾಕ್ ಮಾಡಿ. ಇಲ್ಲದಿದ್ದರೆ ಫೋನು ಸುರಂಗದ ಕತ್ತಲನ್ನು ಕಂಡು ಚಿತ್ರವನ್ನೆಲ್ಲ ಬಿಳಿಚಿಸುತ್ತದೆ. ಯಾರೂ ಒಳಗೆ ಹೋಗಬೇಡಿ, ಮಳೆ ಬಿದ್ದ ಮೇಲೆ ಸುರಂಗದ ಚಾವಣಿ ಕುಸಿಯುವ ಅಪಾಯವಿದೆ. ನೀರು ತೊಟ್ಟಿಕ್ಕುವ ಸದ್ದನ್ನು ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಎರಡು ಟೇಕುಗಳನ್ನು ಜೋಡಿಸುವಾಗ ಅದಿಲ್ಲದಿದ್ದರೆ ಹೊಲಿಗೆ ಕಾಣುತ್ತದೆ. ಸಂಜೆ ಜೀರುಂಡೆ ಶುರುವಾಗುವ ಮೊದಲು ಮಾತಿನ ಭಾಗ ಮುಗಿಯಬೇಕು.

ಅಂಗಳದಲ್ಲಿ ಇಡೀ ಮನೆಯವರನ್ನು ಸಾಲಾಗಿ ನಿಲ್ಲಿಸಿ ವಿದಾಯ ಮಾಡಿಸಬೇಡಿ. ಹತ್ತು ಮುಖ ಇದ್ದಲ್ಲಿ ಯಾರ ದುಃಖವೂ ತಲುಪುವುದಿಲ್ಲ. ಒಬ್ಬೊಬ್ಬರೊಂದಿಗೆ ಒಂದು, ಒಟ್ಟು ಎರಡೇ ದೃಶ್ಯ ಸಾಕು: ಸುರಂಗದಲ್ಲಿ ಹುಡುಗ, ಮತ್ತೆ ಅಪ್ಪಚ್ಚಿಯೊಂದಿಗೆ ಯಾವಾಗಲೂ ಜಗಳವಾಡುವವರು ಯಾರೋ ಅವರು. 2011ರಲ್ಲಿ ಅಮೆರಿಕದ ‘ದಿ ಆಫೀಸ್’ ಧಾರಾವಾಹಿಯ ಮೈಕೆಲ್ ಹೊರಟಾಗ ಹೀಗೆಯೇ ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕಂಡ; ವಿಮಾನ ನಿಲ್ದಾಣದಲ್ಲಿ ಕಥೆಯೊಳಗಿನ ಸಾಕ್ಷ್ಯಚಿತ್ರದವರಿಗೆ ಮೈಕ್ ಬಿಚ್ಚಿಕೊಟ್ಟ ಮೇಲೆ ಸಹೋದ್ಯೋಗಿ ಪ್ಯಾಮ್‌ಗೆ ಏನು ಹೇಳಿದನೋ ನಮಗೆ ಕೇಳಿಸುವುದೇ ಇಲ್ಲ. ನೀವೂ ಬಸ್ ನಿಲ್ದಾಣದ ಮಾತನ್ನು ದೂರದಿಂದ, ಮಾತು ಕೇಳಿಸದಂತೆ ತೆಗೆಯಬಹುದು. ಪೇಟೆಯ ಗದ್ದಲದಲ್ಲಿ ಹೇಗೂ ಧ್ವನಿ ಸಿಗುವುದಿಲ್ಲ. ಬಸ್ಸು ಹೋದ ಮೇಲೆ ಕ್ಯಾಮೆರಾ ಹತ್ತು ಸೆಕೆಂಡು ನಿಂತವರ ಮೇಲೆಯೇ ಇರಲಿ. ಸಂಗೀತ ಹಾಕುವುದಾದರೆ ಅಲ್ಲಿಂದ ಮುಂದಕ್ಕೆ. ಮಾತಿನ ಕೆಳಗೆ ಪಿಟೀಲು ಹಾಕಿದರೆ ಅಳಿ ಎಂದು ಆಜ್ಞೆ ಮಾಡಿದಂತಾಗುತ್ತದೆ.

ಹಳೆಯ ದೃಶ್ಯ ಬೇಕೇಬೇಕೆಂದರೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಅದೂ ಯಾರೂ ನೋಡದ್ದು. ಹಿಂದಿನ ಸಂಚಿಕೆಗಳಲ್ಲಿ ಬಳಸದೆ ಬಿಟ್ಟ ತುಣುಕುಗಳು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರುತ್ತವೆ. ಹುಡುಕಿದರೆ ಅಪ್ಪಚ್ಚಿ ಯಾರಿಗೂ ಕಾಣದಂತೆ ಏನನ್ನೋ ಮಾಡುತ್ತಿರುವ ಒಂದು ತುಣುಕು ಸಿಗಬಹುದು.

ಎರಡನೆಯ ಭಾನುವಾರದ ಕೊನೆಯ ಅರ್ಧ ಗಂಟೆ ಧ್ವನಿಗೆ ಮೀಸಲಿಡಿ. ಬಾಗಿಲು ಕಿಟಕಿ ಮುಚ್ಚಿ, ಬಟ್ಟೆ ತುಂಬಿದ ಕೋಣೆಯಲ್ಲಿ ಹತ್ತು ಸಣ್ಣ ಮಾತುಗಳನ್ನು ದಾಖಲಿಸಿ. ‘ಹಲೋ, ಸೌಖ್ಯವಾ’ ಎಂಬಂಥ ಎಲ್ಲಿಗೂ ಹೊಂದುವ ಮಾತುಗಳಿಂದ ಪ್ರಯೋಜನ ಕಡಿಮೆ. ತೋಟ, ದನ, ನೀರು, ಹುಡುಗನ ಪರೀಕ್ಷೆ ಇಂಥ ನಿರ್ದಿಷ್ಟ ವಿಷಯದವು ಬೇಕು. ಆಮೇಲೆ ಬೇಕಾದರೆ ಅವರು ಅಲ್ಲಿಂದಲೇ ಧ್ವನಿ ಕಳಿಸಬಹುದು, ಹೇಗೂ ಫೋನ್ ಕರೆಯ ದೃಶ್ಯಕ್ಕೆ ತಾನೇ. ವಾಟ್ಸಾಪಿನ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಧ್ವನಿ ಕುಗ್ಗುತ್ತದೆ, ಫೋನಿನ ರೆಕಾರ್ಡರಿನಲ್ಲಿ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆದರೆ ಅವನು ಹೊರಟ ಮೇಲಿನ ಮೊದಲ ಮೂರು ಸಂಚಿಕೆಗಳಲ್ಲಿ ಅವನ ಫೋನ್ ಬರಬಾರದು. ಹೊರಟ ಮರುದಿನವೇ ದನಿ ಕೇಳಿದರೆ ಹೊರಟದ್ದಕ್ಕೆ ಬೆಲೆಯೇ ಇಲ್ಲ.

ಹೆಚ್ಚಿನವರು ಮರೆಯುವುದು ಇದರ ಮುಂದಿನದನ್ನು. ಪಾತ್ರ ಹೋದ ಮೇಲಿನ ಸಂಚಿಕೆಗಳು ವಿದಾಯದ ಸಂಚಿಕೆಗಿಂತ ಮುಖ್ಯ. ಅವನು ಹೋದ ಮೇಲಿನ ಎರಡನೆಯ ಸಂಚಿಕೆಯಲ್ಲಿ ಅಡುಗೆಮನೆಯ ನಳ್ಳಿಯಲ್ಲಿ ನೀರು ಸಣ್ಣಗಾಗಲಿ. ಎಲ್ಲರೂ ಅಭ್ಯಾಸಬಲದಿಂದ ಅಪ್ಪಚ್ಚಿಯನ್ನು ಕರೆಯಲು ಬಾಯಿ ತೆರೆದು ಸುಮ್ಮನಾಗಲಿ. ಹುಡುಗ ಎದ್ದು ಹೋಗಲಿ. ಇದಕ್ಕೆ ಆ ನಟರು ಬೇಕಾಗಿಲ್ಲ, ಆದರೆ ಇಡೀ ಸಂಚಿಕೆ ಅವರದೇ. ಹಾಗೆಂದು ಪ್ರತಿ ಮಾತಿಗೂ ಅವನ ಹೆಸರು ತಂದರೆ ಜನರಿಗೆ ಸಾಕೆನಿಸುತ್ತದೆ, ನಾಲ್ಕೈದು ಸಂಚಿಕೆಗೊಮ್ಮೆ ಬಂದರೆ ಸರಿ. ಅವನಂತೆಯೇ ಇರುವ ಹೊಸ ‘ದೊಡ್ಡಪ್ಪ’ನನ್ನು ತಂದು ಕೂರಿಸಲೇಬೇಡಿ. ಅವನು ಮಾಡುತ್ತಿದ್ದ ಕೆಲಸಗಳನ್ನು ಮೂರು ಜನರಿಗೆ ಹಂಚಿ. ಅವರು ಅರೆಬರೆ ಮಾಡಿ ಜಗಳವಾಡುವುದರಲ್ಲಿ ನಿಮಗೆ ಆರು ತಿಂಗಳ ಕಥೆಯಿದೆ.

ಪ್ರೋಮೋದಲ್ಲಿ ‘ಅಪ್ಪಚ್ಚಿಗೆ ಏನಾಯಿತು?’ ಎಂದು ಹೆದರಿಸಬೇಡಿ. ಮೂರನೆಯ ಸಂಚಿಕೆಯ ಕೊನೆಯಲ್ಲಿ, ಪಾತ್ರ ಮಾಡಿದವರು ಉದ್ಯೋಗಕ್ಕೆ ಹೊರಟಿದ್ದಾರೆಂದು ಎರಡು ಸಾಲಿನಲ್ಲಿ ಹಾಕಿ, ಅವರ ಹೆಸರಿಗೆ ಬೇರೆ ಚೌಕಟ್ಟು ಕೊಡಿ. ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಅಂಗಡಿಯ ಹೂಪರ್ ತಾತನ ಪಾತ್ರ ಮಾಡುತ್ತಿದ್ದವರು 1982ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ತಾತ ಬೇರೆ ಊರಿಗೆ ಹೋದರೆಂದು ಹೇಳಿ ಮುಗಿಸುವ ಅವಕಾಶ ಅವರಿಗೂ ಇತ್ತು. ಅದನ್ನು ಬಿಟ್ಟು 1983ರ ನವೆಂಬರ್ 24ರಂದು, ಸಣ್ಣ ಮಕ್ಕಳ ಎದುರಿಗೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಷ್ಟು ಚಿಕ್ಕವರಿಗೆ ಹೇಳಬಹುದಾದರೆ ನಿಮ್ಮ ಪ್ರೇಕ್ಷಕರಿಗೆ ಧಾರಾಳವಾಗಿ ಹೇಳಬಹುದು.

ನಟರು ರಜೆಗೆ ಊರಿಗೆ ಬಂದಾಗ ಒಂದು ದಿನ ಕೇಳಿಕೊಂಡು, ತಂಗಿಯ ಮನೆಯಿಂದ ಮದುವೆಗೋ ಪೂಜೆಗೋ ಬಂದುಹೋಗುವಂಥ ಮೂರು ನಿಮಿಷದ ದೃಶ್ಯ ತೆಗೆಯಿರಿ. ಅದರಲ್ಲಿ ಅಪ್ಪಚ್ಚಿ ಅತಿಥಿಯಾಗಿ ಕೂರಲಿ, ಕಾಫಿ ತಂದುಕೊಡುವವನು ಆ ಹುಡುಗ. ಆ ದಿನಕ್ಕೆಂದು ಅವರ ಮುಂಡು, ಅಂಗಿ, ಕೊಡೆ, 2 ಕನ್ನಡಕವಿದ್ದರೆ ಎರಡನ್ನೂ ಈಗಲೇ ನಿಮ್ಮಲ್ಲಿ ತೆಗೆದಿಟ್ಟುಕೊಳ್ಳಿ.